ಎಂಜಿನ್ ಇಲ್ಲದ ಕಾರನ್ನು ಓಡಿಸಿ ನೋಡಿದವರಿಗೆ

ಮಾನ್ಯ ಮೋಟಾರು ವಾಹನ ನಿರೀಕ್ಷಕರೇ,

ತಾವು ಜಪ್ತಿ ಮಾಡಿದ ನನ್ನ ಕಾರು ತಮ್ಮ ಕಚೇರಿಯ ಹಿಂದಿನ ಹೊಂಗೆಮರದ ಕೆಳಗೆ ಐವತ್ತೆಂಟು ದಿನದಿಂದ ಕಾಗೆಗಳ ಸೇವೆ ಸ್ವೀಕರಿಸುತ್ತಾ ನಿಂತಿದೆ. ಅದಕ್ಕಾಗಿ ಈ ಪತ್ರವಲ್ಲ. ಜಪ್ತಿ ಪಟ್ಟಿಯ ಕೊನೆಯಲ್ಲಿ ತಾವು ‘ಎಂಜಿನ್ ಕಳವು ಮಾಲಿನ ಶಂಕೆ’ ಎಂದು ಬರೆದಿರಿ. ಆ ನಾಲ್ಕು ಪದಗಳಿಂದ ಕಟ್ಟೆಮಳಲವಾಡಿಯ ಮೆಕ್ಯಾನಿಕ್ ಚಿಕ್ಕಮಾದು ಊರಿನ ಕಣ್ಣಿಗೆ ಕಳ್ಳನಾಗಿದ್ದಾನೆ, ಅವನ ಶೆಡ್ಡಿಗೆ ಬೀಗ ಬಿದ್ದಿದೆ. ಆ ಸಾಲನ್ನು ಹೊಡೆದುಹಾಕಿಸಲು, ಮತ್ತು ಸಾಧ್ಯವಾದರೆ ಅದನ್ನು ಬರೆದ ಕೈ ಕೊಂಚ ನಡುಗುವುದನ್ನು ನೋಡಲು, ಈ ಪತ್ರ. ಇದು ಸೇಡಲ್ಲವೇ ಎನ್ನುತ್ತೀರಾ? ಹೌದು ಸ್ವಾಮಿ, ಸೇಡೇ. ತಾವು ನನ್ನ ಅರ್ಜಿಗಳನ್ನು ಓದಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಗುವ ಇದನ್ನಾದರೂ ಓದುತ್ತೀರಿ, ಏಕೆಂದರೆ ತಮ್ಮ ಮನೆಯವರೂ ಓದುತ್ತಾರೆ.

ಊರಿಗೆಲ್ಲ ತಿಳಿಯಲಿ ಎಂದು ಮೊದಲಿನಿಂದ ಹೇಳುತ್ತೇನೆ. ನನ್ನದು ಎಂಬತ್ತನಾಲ್ಕರ ಪದ್ಮಿನಿ. ಅದರಲ್ಲೇ ಕಾಲೇಜಿಗೆ ಹೋಗಿ ಇಪ್ಪತ್ತೆಂಟು ವರ್ಷ ತರ್ಕಶಾಸ್ತ್ರ ಹೇಳಿದ್ದೇನೆ. ಕಾರನ್ನೂ ನನ್ನನ್ನೂ ವಿದ್ಯಾರ್ಥಿಗಳು ‘ಡಬ್ಬ’ ಎಂದೇ ಕರೆಯುತ್ತಿದ್ದುದರಿಂದ ನಮ್ಮಿಬ್ಬರಲ್ಲಿ ಒಳ್ಳೆಯ ಹೊಂದಾಣಿಕೆ ಇತ್ತು. ಕಳೆದ ಜೂನ್‌ನಲ್ಲಿ ಅದರ ಎಂಜಿನ್ ನಡುರಸ್ತೆಯಲ್ಲಿ ಹಟ ಹಿಡಿದು ನಿಂತಿತು. ಚಿಕ್ಕಮಾದು ಬಿಚ್ಚಿ ನೋಡಿ, “ಬ್ಲಾಕೇ ಬಿರುಕ್ ಬುಟ್ಟದೆ ಸಾ. ಮೈಸೂರ್ ಲೇತ್‌ಗೆ ಕಳ್ಸಿ ನೋಡುಮ. ಆಗಕಿಲ್ಲ ಅಂದ್ರೆ ಬ್ಯಾರೆದು ಕೂರ್ಸುಮ” ಎಂದ. ಲೇತಿನವರು ಹದಿನಾಲ್ಕು ದಿನ ಇಟ್ಟುಕೊಂಡು ಕೈಚೆಲ್ಲಿದರು.

ಅದೇ ದಿನಗಳಲ್ಲಿ ಹಂಪಾಪುರದ ಷಣ್ಮುಖಪ್ಪನವರ ಎರಡು ವರ್ಷದ ವ್ಯಾನನ್ನು ಕಾಡಾನೆಯೊಂದು ಹಿಂದಿನಿಂದ ಜಜ್ಜಿಹಾಕಿತ್ತು. ಮುಂದಿದ್ದ ಎಂಜಿನ್ನಿಗೆ ಗೀರೂ ಬಿದ್ದಿರಲಿಲ್ಲ. ಆನೆಯು ಸ್ಥಳಕ್ಕೆ ಖುದ್ದಾಗಿ ಬಂದು ವಾಹನವನ್ನು ಮುಟ್ಟಿ ನೋಡಿತ್ತು ಎಂಬುದನ್ನು ತಾವು ವಿಶೇಷವಾಗಿ ಗಮನಿಸಬೇಕು. ವ್ಯಾನಿನ ಎಂಜಿನ್ನು ತಿರುಗಿಸುವುದು ಹಿಂದಿನ ಚಕ್ರ, ಪದ್ಮಿನಿಯದೂ ಹಿಂದಿನ ಚಕ್ರ. ಜಾತಕ ಕೂಡಿತು, ಸಂಬಂಧ ಕುದುರಿತು. ಚಿಕ್ಕಮಾದು ರಟ್ಟಿನಲ್ಲಿ ಅಳತೆ ಕತ್ತರಿಸಿ, ಮೂರು ಸಲ ತಪ್ಪಿ, ನಾಲ್ಕನೆಯ ಸಲ ಕಬ್ಬಿಣದ ಆಧಾರ ಬೆಸೆದು ಅದನ್ನು ಕೂರಿಸಿದ. ಬ್ರೇಕನ್ನೂ ಬದಲಾಯಿಸಿದ. “ಅದ್ಯಾಕೋ?” ಎಂದೆ. “ಓಡೋದು ಜಾಸ್ತಿ ಆಯ್ತು ಅಂದ್ಮೇಕೆ ನಿಲ್ಲೋದೂ ಜಾಸ್ತಿ ಆಗ್ಬೇಕಲ್ವಾ ಸಾ?” ಎಂದ. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಚೊಕ್ಕ ತರ್ಕವನ್ನು ನನ್ನ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ, ನನ್ನನ್ನೂ ಸೇರಿಸಿ.

ತಮ್ಮ ಬಳಿಗೆ ಹೋಗೋಣ ಎಂದವನೂ ಅವನೇ. “ಆರ್‌ಸಿಗೆ ಹೊಸಾ ನಂಬರ್ ಏರಿಸ್ಬುಡುಮ ಸಾ. ಕದ್ದು ಮುಚ್ಚಿ ಓಡ್ಸೋ ಕರ್ಮ ಯಾಕೆ?” ಆದ್ದರಿಂದ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಎಂಜಿನ್ನಿನ ಬಿಲ್ಲು, ಷಣ್ಮುಖಪ್ಪನವರ ಒಪ್ಪಿಗೆ ಪತ್ರ, ಆನೆ ದಾಳಿಗೆ ಅರಣ್ಯ ಇಲಾಖೆಯವರು ಬರೆದ ಮಹಜರು ಎಲ್ಲವನ್ನೂ ಹಿಡಿದು ತಮ್ಮೆದುರು ನಿಂತೆವು. ತಾವು ಬಾನೆಟ್ ಎತ್ತಿಸಿದಿರಿ.

“ಏನ್ರೀ ಇದು? ಜುಲೈನಲ್ಲಿ ಎಫ್‌ಸಿ ಕೊಟ್ಟಾಗ ಬೇರೆ ಎಂಜಿನ್ ಇತ್ತಲ್ರೀ?”

“ಅದ ಬಿಚ್ಚಾಕಿದೀನಿ ಸಾ. ಇದು ಆನೆ ತುಳ್ದಿದ್ ಗಾಡೀದು. ಬಿಲ್ಲದೆ.”

“ಆನೆ ಕತೆ ನನ್ಹತ್ರ ಹೇಳ್ಬೇಡ. ನಾನೇ ಕೂತ್ಕೊಂಡು ಓಡ್ಸಿದೀನಿ ಕಣಯ್ಯ ಈ ಗಾಡೀನ. ಆ ಎಂಜಿನ್ ಹೆಂಗೆ ಓಡ್ತಿತ್ತು ಅಂತ ನಂಗೊತ್ತು. ಚೆನ್ನಾಗಿರೋ ಎಂಜಿನ್ ತೆಗೆದು ಎಲ್ಲಿ ಮಾರ್ದೆ? ಇದನ್ನ ಎಲ್ಲಿಂದ ಎತ್ಕೊಂಡ್ಬಂದೆ?”

ಚಿಕ್ಕಮಾದು ನನ್ನ ಮುಖ ನೋಡಿದ. ನಾನು ತಮ್ಮ ಗೋಡೆಯ ಕ್ಯಾಲೆಂಡರ್ ನೋಡಿದೆ. ಆ ಕ್ಷಣದ ಬಗ್ಗೆ ಆಮೇಲೆ ಹೇಳುತ್ತೇನೆ. ಹೇಳದೆ ನನಗೆ ಬಿಡುಗಡೆಯಿಲ್ಲ.

ತಾವು ಬರೆದ ಸಾಲು ತಮಗಿಂತ ಚುರುಕು. ಅದು ಮರುದಿನವೇ ಠಾಣೆಗೆ ಹೋಯಿತು, ಠಾಣೆಯಿಂದ ಕಟ್ಟೆಮಳಲವಾಡಿಗೆ ಜೀಪಿನಲ್ಲಿ ಬಂತು. ಎರಡು ಸಲ ಬಂತು. ಎರಡನೆಯ ಸಲ ಬಂದ ಮಾರನೆಯ ದಿನ ಗಿರಾಕಿ ದೊಡ್ಡಬೀರಯ್ಯ ಶೆಡ್ಡಿನಲ್ಲಿ ಅರ್ಧ ಬಿಚ್ಚಿದ್ದ ತನ್ನ ಟ್ರಾಕ್ಟರನ್ನು ಬೇರೆ ಟ್ರಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋದ. “ಬೇಜಾರ್ ಮಾಡ್ಕಬ್ಯಾಡ ಕಣ್ಲಾ ಮಾದು. ನಂಗೇನಿಲ್ಲ. ಮನೇವ್ರು ಒಪ್ಪಾಕಿಲ್ಲ” ಎಂದನಂತೆ. ಹನ್ನೊಂದು ವರ್ಷ ಒಂದು ನಟ್ಟನ್ನೂ ಗಿರಾಕಿಗೆ ತೋರಿಸದೆ ಎಸೆಯದ ಮನುಷ್ಯ ಈಗ ಇನ್ನೊಬ್ಬರ ಜಮೀನಿನಲ್ಲಿ ಹೊಗೆಸೊಪ್ಪು ಮುರಿಯುತ್ತಿದ್ದಾನೆ. ಸ್ಪಾನರ್ ಹಿಡಿದ ಕೈಗೆ ಎಲೆಯ ಅಂಟು. ತಾವು ಕೆಲಸ ಕೊಡುವ ಇಲಾಖೆಯವರಲ್ಲವಾದರೂ ಇಷ್ಟು ಮಾಡಿದ್ದೀರಿ, ಅಭಿನಂದನೆ.

ಈಗ ಕ್ಯಾಲೆಂಡರಿನ ವಿಷಯ. ನನ್ನ ಕಾರಿನ ನೋಂದಣಿ ನವೀಕರಣಕ್ಕೆ ಕಳೆದ ಜುಲೈ ಕೊನೆಯ ಗಡುವಾಗಿತ್ತು. ತಮ್ಮ ಗೇಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಕೂರುವ ಏಜೆಂಟ್ ಮಲ್ಲೇಶ್‌ಗೆ, “ಕಾರು ಎಂಜಿನ್ ಇಲ್ದೆ ಶೆಡ್ಡಲ್ಲಿ ಕಲ್ಲಿನ ಮೇಲೆ ನಿಂತದೆ ಕಣಯ್ಯ, ಏನು ಮಾಡೋದು?” ಎಂದೆ. “ಕಾರ್ ಯಾಕ್ ಬೇಕು ಬುಡಿ ಸಾ! ಕಾಗದ ಕೊಡಿ ಸಾಕು. ಕಾರ್ ತಂದ್ರೆ ಸಾಹೇಬ್ರು ಎದ್ದು ಬರ್ಬೇಕಾಯ್ತದೆ, ಪಾಪ” ಎಂದ. ಕೊಟ್ಟೆ. ನಾಲ್ಕೇ ದಿನದಲ್ಲಿ ಎಫ್‌ಸಿ, ಅಂದರೆ ಕಾರು ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಬಂತು. ತಮ್ಮ ತಪಾಸಣಾ ಟಿಪ್ಪಣಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದಿದ್ದೇನೆ. ಜುಲೈ ಹದಿನಾಲ್ಕರ ತಮ್ಮ ಸಹಿಯ ಮೇಲೆ ಹೀಗಿದೆ: ‘ವಾಹನವನ್ನು ರಸ್ತೆಯಲ್ಲಿ ಚಲಾಯಿಸಿ ಪರೀಕ್ಷಿಸಲಾಯಿತು. ಎಂಜಿನ್, ಬ್ರೇಕು, ಹಾರ್ನು ತೃಪ್ತಿಕರ. ಹೊಗೆ ಮಿತಿಯೊಳಗಿದೆ.’

ಹೊಗೆಯ ಬಗ್ಗೆ ನನ್ನ ತಕರಾರಿಲ್ಲ. ಎಂಜಿನ್ನೇ ಇಲ್ಲದ ಕಾರಿನಷ್ಟು ನಿರ್ಮಲ ವಾಹನ ಈ ಜಿಲ್ಲೆಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಆದರೆ ಓಡಿಸಿದ್ದು ಹೇಗೆ? ಜುಲೈ ಒಂಬತ್ತರಿಂದ ಇಪ್ಪತ್ಮೂರರವರೆಗೆ ಎಂಜಿನ್ನಿನ ಬ್ಲಾಕು ಮೈಸೂರಿನಲ್ಲಿತ್ತು; ಲೇತಿನವರ ಚೀಟಿಯಿದೆ. ಕಾರು ನಾಲ್ಕು ಕಲ್ಲುಗಳ ಮೇಲಿತ್ತು. ದಿನಾಂಕ ಸಹಿತ ಫೋಟೋ ಇದೆ. ತಾವು ತಳ್ಳಿದಿರಾ? ಯಾರನ್ನಾದರೂ ಮುಂದೆ ಕಟ್ಟಿದಿರಾ? ಸಾರಿಗೆ ಇಲಾಖೆಯವರಾಗಿ ಸಾರಿಗೆ ಉಪ್ಪು ಹಿಡಿದಿದೆಯೇ ಎಂದು ಒಂದು ಹನಿಯಾದರೂ ಅಂಗೈಗೆ ಹಾಕಿಕೊಂಡು ನೋಡಬಾರದಿತ್ತೇ?

ಇದನ್ನೆಲ್ಲ ಅಂದೇ ತಮ್ಮ ಮೇಜಿನ ಮುಂದೆ ಹೇಳಿದ್ದರೆ ಚಿಕ್ಕಮಾದು ಕಳ್ಳನಾಗುತ್ತಿರಲಿಲ್ಲ. ಹೇಳಲಿಲ್ಲ, ಏಕೆಂದರೆ ಆ ಸುಳ್ಳು ಕಾಗದ ನನ್ನ ಜೇಬಿನಲ್ಲೇ ಇತ್ತು. ತಮ್ಮ ಸುಳ್ಳು ನನ್ನ ಸುಳ್ಳನ್ನು ಕಾಯಿತು, ನಾವಿಬ್ಬರೂ ಸೇರಿ ನಡುವೆ ನಿಂತಿದ್ದ ಒಬ್ಬ ಸತ್ಯವಂತನನ್ನು ತುಳಿದೆವು. ಆನೆಗೂ ಅಷ್ಟು ನಿಖರವಾಗಿ ಸಾಧ್ಯವಾಗಿರಲಿಲ್ಲ. ಆದ್ದರಿಂದ ತಪ್ಪೊಪ್ಪಿಗೆಯ ಪ್ರಮಾಣಪತ್ರ ಬರೆದು ನೋಟರಿ ಸಹಿ ಮಾಡಿಸಿಟ್ಟಿದ್ದೇನೆ. ಯಾವ ದಂಡವಾದರೂ ಸರಿ, ಕೇಸಾದರೂ ಸರಿ. ಮುಳುಗಲು ನಾನು ಸಿದ್ಧ. ಒಬ್ಬನೇ ಮುಳುಗಲು ಮಾತ್ರ ಸಿದ್ಧನಿಲ್ಲ.

ನನ್ನ ಬೇಡಿಕೆ ಇಷ್ಟೇ. ಏಳು ದಿನದೊಳಗೆ ತಾವು ‘ಕಳವು’ ಎಂಬ ಆರೋಪವನ್ನು ಬರಹದಲ್ಲಿ ಹಿಂಪಡೆಯಬೇಕು. ಅಂಚೆಯಲ್ಲಿ ಕಳಿಸಿದರೆ ಆಗದು, ಮಲ್ಲೇಶನ ಕೈಲಿ ಕಳಿಸಿದರಂತೂ ಸುತರಾಂ ಆಗದು. ತಾವೇ ಕಟ್ಟೆಮಳಲವಾಡಿಗೆ ಬಂದು, ಬೆಳಗ್ಗೆ ಏಳು ಗಂಟೆಗೆ, ಊರೆಲ್ಲ ಕ್ಯಾನು ಹಿಡಿದು ನಿಂತಿರುವ ಹಾಲಿನ ಡೇರಿಯ ಮುಂದೆ, ಅದನ್ನು ಗಟ್ಟಿಯಾಗಿ ಓದಿ ಚಿಕ್ಕಮಾದುವಿನ ಕೈಗೆ ಕೊಡಬೇಕು. ತಪ್ಪಿದರೆ ಎಂಟನೆಯ ದಿನ ತಮ್ಮ ಟಿಪ್ಪಣಿ, ಲೇತಿನ ಚೀಟಿ, ಫೋಟೋ, ನನ್ನ ತಪ್ಪೊಪ್ಪಿಗೆ ನಾಲ್ಕೂ ಲೋಕಾಯುಕ್ತಕ್ಕೆ ಹೋಗುತ್ತವೆ. ಬರುವುದಾದರೆ ಸಂಕೋಚ ಬೇಡ, ತಾವು ಒಂಟಿಯಾಗಿರುವುದಿಲ್ಲ. ಅವನಲ್ಲಿ ಕ್ಷಮೆ ಕೇಳುವವರ ಸಾಲಿನಲ್ಲಿ ತಮ್ಮ ಹಿಂದೆಯೇ ನಾನೂ ನಿಂತಿರುತ್ತೇನೆ, ಮತ್ತು ಸಾಲು ತಪ್ಪಿಸಿ ತಾವು ಹೋಗದಂತೆ ನೋಡಿಕೊಳ್ಳುತ್ತೇನೆ.

ಇಂತಿ,
ಸದ್ಯಕ್ಕೆ ತಮ್ಮಂತೆಯೇ ಒಬ್ಬ ನಿರೀಕ್ಷಕ
(ಗುರುಪುರ ಸ್ಟಾಪಿನಲ್ಲಿ, ಬಸ್ಸಿಗೆ)
ದೇವರಾಜು