ನಾಲ್ಕನೇ ರಾತ್ರಿಯ ಲಂಗರು

ನರಗುಂದ
೧೦ ಡಿಸೆಂಬರ್ ೨೦೨೫, ಬುಧವಾರ

ಸಾನಿಯಾಳ ಅಬ್ಬಾ ಅವರಿಗೆ,

ಹುಸ್ನಾಳ ಸಲಾಮು. ಸಾನಿಯಾ ಚೆನ್ನಾಗಿದ್ದಾಳೆ, ಮಾವನವರೂ ಚೆನ್ನಾಗಿದ್ದಾರೆ. ನಾನು ಮಾತ್ರ ಮೂರು ದಿನದಿಂದ ಹೆದರಿ ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀವು ನನ್ನ ಮಾತನ್ನು ಸ್ಪೀಕರಿಗೆ ಹಾಕಿ ಇಡೀ ದೋಣಿಗೆ ಕೇಳಿಸುವವರು. ಅದಕ್ಕೇ ಈ ಕಾಗದ. ನನ್ನ ತಮ್ಮ ಅಲ್ತಾಫ, ಉಳ್ಳಾಗಡ್ಡಿ ತುಂಬಿದ ಲಾರಿ ತೆಗೆದುಕೊಂಡು ಇವತ್ತು ಗೋವಾಕ್ಕೆ ಹೊರಡುತ್ತಾನೆ. ನಾಳೆ ಧಕ್ಕೆಗೇ ಬಂದು ನಿಮ್ಮ ಕೈಗೆ ಕೊಡುತ್ತಾನೆ. ಅಕ್ಷರ ದಪ್ಪಗೆ ಬರೆದಿದ್ದೇನೆ. ಬೆಳಕಿರುವಾಗಲೇ ಓದಿ.

ಶುಕ್ರವಾರ ನೀವು ಪ್ರವಾಸಿಗರನ್ನು ಒಯ್ಯುವ ದೋಣಿಯ ಪಟ್ಟಿಯನ್ನು, ಮಾಲೀಕರಿಗೆ ಕಳಿಸಲು, ಎಂದಿನಂತೆ ನಿಮ್ಮ ಪರವಾಗಿ ಬರೆದಾಗಿದೆ: ಯಾರು ಯಾರು, ಎಲ್ಲೆಲ್ಲಿ ತಂಗುವುದು. ಮೊದಲ ರಾತ್ರಿ ಶಾಪೋರಾ ನದಿಯ ಬಾಯಲ್ಲಿ, ಎರಡನೆಯದು ತೆರೆಖೋಲ್ ಹೊಳೆಯೊಳಗೆ, ಮೂರನೆಯದು ವೆಂಗುರ್ಲಾದಲ್ಲಿ. ಎಲ್ಲಿ ತೇಲುವ ಬೋಯಾಕ್ಕೆ ಹಗ್ಗ ಕಟ್ಟಬೇಕು, ಎಲ್ಲಿ ಲಂಗರು ಬಿಡಬೇಕು, ತಳದಲ್ಲಿ ಮರಳೋ ಕೆಸರೋ, ನೀರಿನ ಭರತ ಇಳಿತ ಎಷ್ಟು ಹೊತ್ತಿಗೆ, ಎಲ್ಲವನ್ನೂ ನೀವು ಹೇಳಿ ಕಳಿಸಿದಂತೆ ತುಂಬಿದ್ದೇನೆ. ಪಕ್ಕದ ಮನೆ ದೇವವ್ವ ಇಣುಕಿ ನೋಡಿ, “ಏನವಾ ಹುಸ್ನಾ, ಎರಿ ಹೊಲದಾಗ ಕುಂತು ಹಡಗ ನಡಸಾಕತ್ತಿಯಲ್ಲ!” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಾಲ್ಕನೇ ರಾತ್ರಿಯ ಸಾಲನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ.

ಭಾನುವಾರ ಫೋನಿನಲ್ಲಿ ಆ ರಾತ್ರಿಗೆ ನೀವು ಹೇಳಿದ್ದೇನು? “ಪ್ರವಾಸಕ್ಕ ಬರೂ ಪಾವಣ್ಯಾರು ಹೊತ್ತು ಮುಳುಗೂದನ್ನ ಸಮುದ್ರದಾಗನ ನೋಡಬೇಕಂತ. ಮಾಲೀಕರೂ ಹೂಂ ಅಂದಾರ. ಆಮ್ಯಾಲೆ ಮಾಲವಣಕ್ಕ ಹೋಗಿ ಲಂಗರು ಬಿಡೂದು. ಹಂಗ ಬರಿ, ನಾ ನೋಡ್ಕೋತೀನಿ.”

ಏನು ನೋಡಿಕೊಳ್ಳುತ್ತೀರಿ? ಹೊತ್ತು ಮುಳುಗಿದ ಮೇಲೆ ನಿಮಗೆ ಕಾಣುವುದಿಲ್ಲವಲ್ಲ.

ಬರೆದೇಬಿಟ್ಟೆ. ಎರಡು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ ಮಾತು ಇದು. ಬಕ್ರೀದಿಗೆ ಬಂದಾಗ ಯಾವಗಲ್ ಊರಿಂದ ವಾಪಸು ಬರುವಾಗ ಸಂಜೆಯಾಯಿತು, ಕಣ್ಣು ಉರಿಯುತ್ತದೆ ಅಂತ ಬೈಕನ್ನು ಅಲ್ತಾಫನ ಕೈಗೆ ಕೊಟ್ಟಿರಿ. ಅಂಗಳದಲ್ಲಿ ಸಾನಿಯಾ ಚಹಾ ಹಿಡಿದು ನಿಂತರೆ ನಿಮ್ಮ ಕೈ ಬಟ್ಟಲಿನ ಪಕ್ಕದ ಗಾಳಿಯನ್ನು ಹಿಡಿಯಿತು. ಅವಳು ತಮಾಷೆ ಅಂದುಕೊಂಡು ನಕ್ಕಳು, ನೀವೂ ನಕ್ಕಿರಿ. ಕಳೆದ ತಿಂಗಳು ದೋಣಿ ತಡವಾದ ಒಂದು ಸಂಜೆ ಕಳಿಸಿದ ಧ್ವನಿಸಂದೇಶದಲ್ಲಿ ನಿಮ್ಮ ಮಾತಿನ ಹಿಂದೆ, ನಿಮ್ಮ ಜೊತೆ ಕೆಲಸ ಮಾಡುವ ಶಿರೋಳದ ಬಸ್ಯಾ ಕೂಗುತ್ತಿದ್ದ: “ಎಡಕ್ಕ್ರಿ ಖಾದರಣ್ಣ, ಎಡಕ್ಕ! ಬೋಯಾ ನಿಮ್ಮ ಮುಂದನ ಐತಲ್ರಿ!” ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ನಿಮ್ಮನ್ನಷ್ಟೇ ದೂರುವ ಹಕ್ಕು ನನಗಿಲ್ಲ. ಮೊದಲೆಲ್ಲ ಆರೂವರೆ, ಏಳಕ್ಕೆ ಹಗ್ಗ ಕಟ್ಟುತ್ತಿದ್ದವರು ಒಮ್ಮೆಲೇ ಎಲ್ಲ ರಾತ್ರಿಗೂ ಸಂಜೆ ನಾಲ್ಕು ಗಂಟೆಗೇ ತಂಗುವುದೆಂದು ಬರೆಸತೊಡಗಿದಾಗ ನನಗೆ ಅರ್ಥವಾಗಿತ್ತು. ಆದರೂ ‘ಮಧ್ಯಾಹ್ನದ ಮೇಲೆ ಗಾಳಿ ಜೋರು, ಬೇಗ ತಂಗುವುದು ಕ್ಷೇಮ’ ಎಂದು ಚೆಂದದ ಕಾರಣ ಹೊಂದಿಸಿ ಮಾಲೀಕರಿಗೆ ಬರೆದವಳು ನಾನೇ. ಕಟ್ಟಡದ ಕೆಲಸಕ್ಕೆಂದು ಹೋಗಿ, ಬೋಟಿನ ಹಗ್ಗ ಎಳೆಯುತ್ತ ಕಲಿತು, ಪರೀಕ್ಷೆ ಬರೆದು ಚುಕ್ಕಾಣಿ ಹಿಡಿದವರು ನೀವು. ಅದು ಕೈಬಿಟ್ಟರೆ ನೀವು ಏನಾಗುತ್ತೀರೋ ಎಂಬ ಹೆದರಿಕೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಸೋಮವಾರ ಆ ಖಾಲಿ ಸಾಲಿನ ಮುಂದೆ ಅಳುತ್ತ ಕೂತಿದ್ದೆ. ಮಾವನವರು ಬಂದರು. ಸಂಜೆಯಾದರೆ ಗೋಡೆ ಹಿಡಿದೇ ನಡೆಯುವವರು, ಆದರೂ ಬಂದು ಪಕ್ಕದಲ್ಲಿ ಕೂತರು. ಅವರೇ ಕೇಳಿದರು: “ಖಾದರನ ಕಣ್ಣ ಹೊಂಟಾವೇನವಾ?” ಆಮೇಲೆ ಪುರ್ತಗೇರಿಯ ದಾರಿಯಲ್ಲಿ ಕಾಲುವೆಗೆ ಬಿದ್ದ ಟ್ರ್ಯಾಕ್ಟರಿನ ಮಾತು ತೆಗೆದರು. ನೀವು ಆಗ ಚಿಕ್ಕವರು. ಬ್ರೇಕ್ ಕೈಕೊಟ್ಟಿತೆಂದು ಊರೆಲ್ಲ ನಂಬಿದೆ, ನೀವೂ ನಂಬಿದ್ದೀರಿ. “ಬ್ರೇಕ್ ಚಲೋನ ಇತ್ತವಾ,” ಅಂದರು ಮಾವ. “ನನಗ ದಾರಿ ಕಾಣಲಿಲ್ಲ. ಕಣ್ಣ ಹೋಗೂದಕ್ಕ ನಾ ಅಂಜಲಿಲ್ಲ, ಮಂದಿಗೆ ಗೊತ್ತಾಗತೈತಿ ಅಂತ ಅಂಜಿದೆ. ಅವತ್ತ ಟ್ರ್ಯಾಕ್ಟರಿನ್ಯಾಗ ಕುಂತಿದ್ದ ಹೊನ್ನವ್ವ ಇನ್ನೂ ಕಾಲ ಎಳಕೊಂತ ಅಡ್ಡಾಡತಾಳ. ಎದುರಿಗೆ ಬಂದ್ರ ‘ಅರಾಮ ಅದೀರೇನ್ರಿ ಟಿಪ್ಪುಸಾಬಣ್ಣ’ ಅಂತಾಳ. ನಾ ಏನ್ ಹೇಳ್ಲಿ?”

ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾಲವಣದ ಬಗ್ಗೆ ನೀವೇ ಹೇಳಿದ್ದು ನನಗೆ ನೆನಪಿದೆ. ಬಂಡೆಗಳ ನಡುವಿನ ಓಣಿಯಂಥ ದಾರಿ, “ಹಗಲೊತ್ತಿನ್ಯಾಗೂ ಉಸಿರು ಹಿಡದು ಹೋಗ್ಬೇಕು.” ಈ ಸಲ ದೋಣಿಯಲ್ಲಿ ನಾಲ್ಕು ಮಕ್ಕಳಿದ್ದಾರೆ. ಹೆಸರು, ವಯಸ್ಸು ಎಲ್ಲ ಪಟ್ಟಿಯಲ್ಲಿದೆ, ಬರೆದವಳು ನಾನೇ. ಒಬ್ಬಳಿಗೆ ನಮ್ಮ ಸಾನಿಯಾಳಷ್ಟೇ ವಯಸ್ಸು. ಬಸ್ಯಾ ಎಡ ಬಲ ಕೂಗುತ್ತಾನೆ ಅಂತ ನಂಬಿ ಅವರನ್ನು ಕತ್ತಲಲ್ಲಿ ಆ ಬಂಡೆಗಳ ನಡುವೆ ಒಯ್ಯುತ್ತೀರಾ? ನಾಳೆಯೇ ಮಾಲೀಕರ ಮುಂದೆ ನಿಂತು ನಿಮ್ಮ ಬಾಯಿಂದಲೇ ಹೇಳಿಬಿಡಿ. ಇರುಳುಗಣ್ಣು ನಿಮ್ಮ ತಪ್ಪಲ್ಲ. ದೊಡ್ಡ ದವಾಖಾನೆಗೆ ತೋರಿಸೋಣ, ನಾನೂ ಜೊತೆಗೆ ಬರುತ್ತೇನೆ. ಬೈಯಿರಿ, ಕೂಗಾಡಿರಿ, ಆದರೆ ಶುಕ್ರವಾರ ಆ ಚುಕ್ಕಾಣಿ ಮುಟ್ಟಬೇಡಿ.

ನಿಮ್ಮ ದಾರಿ ಕಾಯುತ್ತಿರುವ,
ಹುಸ್ನಾ

ತಾ.ಕ.: ಮೇಲಿನದನ್ನೆಲ್ಲ ಬೆಳಿಗ್ಗೆ ಬರೆದದ್ದು. ಮಡಚಿ ಲಕೋಟೆಗೆ ಹಾಕುವಾಗ, ನೀವು ಇದನ್ನು ಓದಿ ಜೇಬಿಗೆ ಸೇರಿಸಿ ಸುಮ್ಮನೆ ಹೊರಟುಬಿಡುತ್ತೀರಿ ಅನ್ನಿಸಿತು. ಹದಿನಾಲ್ಕು ವರ್ಷದ ಸಂಸಾರ, ನನಗೆ ನೀವು ಗೊತ್ತು. ಮಧ್ಯಾಹ್ನ ನಿಮ್ಮ ಮಾಲೀಕರಿಗೆ ನಾನೇ ಫೋನು ಮಾಡಿ ಎಲ್ಲ ಹೇಳಿದೆ. ನಾಲ್ಕು ಗಂಟೆಯ ಸುಳ್ಳು ನನ್ನದು ಎಂಬುದನ್ನೂ ಹೇಳಿದೆ. ಅವರು ಶುಕ್ರವಾರ ಬೇರೆಯವರನ್ನು ಕಳಿಸುತ್ತೇನೆ ಎಂದರು. ಯಾರು ಹೇಳಿದರೆಂದು ಖಾದರನಿಗೆ ತಿಳಿಸಬೇಕೇ ಎಂದು ಕೇಳಿದರು. ನಾನೇ ತಿಳಿಸುತ್ತೇನೆ ಎಂದೆ. ನಿಮ್ಮನ್ನು ಮನೆಗೆ ಕರೆತರಲು ಲಾರಿಯಲ್ಲಿ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಧಕ್ಕೆಯಲ್ಲಿ ಕಾಯಲು ಅಲ್ತಾಫನಿಗೆ ಹೇಳಿದ್ದೇನೆ. ಆ ಮಕ್ಕಳ ಭಯ ನನಗೆ ಈಗಿಲ್ಲ. ನೀವು ಆ ಲಾರಿ ಹತ್ತುತ್ತೀರೋ ಇಲ್ಲವೋ ಎಂಬ ಭಯ ಒಂದೇ ಇದೆ.