ಕ್ಲಿಪ್ ಹಾಕಿದ್ದ ಬೆರಳು

ಮಾರ್ಚ್ ೧೧, ಮಂಗಳವಾರ

ಆ ಅಜ್ಜಿಗೆ ಬೈಯಬೇಕಿತ್ತು. ಬಾಯೇ ಬರಲಿಲ್ಲ.

ಬೆಳಗಿನಿಂದ ಕಿರುಚುತ್ತಿದ್ದ ಮೂಲೆ ಹಾಸಿಗೆಯ ತಾತನ ಮಾನಿಟರ್ ಮಧ್ಯಾಹ್ನ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಆಕ್ಸಿಜನ್ ತೊಂಬತ್ತೆಂಟು! ಖುಷಿಯಿಂದ ಓಡಿದೆ. ನೋಡಿದರೆ, ಆಕ್ಸಿಜನ್ ಅಳೆಯಲು ತಾತನ ಬೆರಳಿಗೆ ಹಾಕಿದ್ದ ಕ್ಲಿಪ್ಪನ್ನು ಅಜ್ಜಿ ತಮ್ಮ ಬೆರಳಿಗೆ ಹಾಕಿಕೊಂಡು ಕೂತಿದ್ದಾರೆ.

"ಅದು ಕೂಗಿದಾಗೆಲ್ಲ ಇವರು ಬೆಚ್ಚಿಬೀಳ್ತಾರೆ ಸಿಸ್ಟರ್. ಒಂಚೂರು ನಿದ್ದೆ ಮಾಡ್ಲಿ ಅಂತ..."

ಇನ್ನು ಮಾಡುವಂಥದ್ದೇನೂ ಉಳಿದಿಲ್ಲವೆಂದು ಡಾಕ್ಟರು ನಿನ್ನೆಯೇ ಹೇಳಿದ್ದಾರೆ. ಆದರೂ ಕ್ಲಿಪ್ ತೆಗೆಯದೆ ನನಗೆ ವಿಧಿಯಿರಲಿಲ್ಲ. ಅಜ್ಜಿ ಬೆರಳು ಚಾಚಿದರು. ಅವರ ಬಿಸುಪು ಇನ್ನೂ ಆರದ ಕ್ಲಿಪ್ಪನ್ನು ತಾತನ ತಣ್ಣನೆಯ ಬೆರಳಿಗೆ ಹಾಕಿದೆ. ಮತ್ತೆ ಕಿರುಚಿತು. ಸದ್ದಡಗಿಸುವ ಗುಂಡಿ ಒತ್ತಿದರೆ ಎರಡೇ ನಿಮಿಷ, ಪುನಃ ಅದೇ ರಾಗ.

ಡ್ಯೂಟಿ ಮುಗಿಸಿ ಹೊರಡುವಾಗ ತಿರುಗಿ ನೋಡಿದೆ. ಅಜ್ಜಿ ಎರಡೂ ಅಂಗೈಗಳಿಂದ ತಾತನ ಕಿವಿ ಮುಚ್ಚಿ ಹಿಡಿದು ನಿಂತಿದ್ದರು. ಈಗಲೂ ಹಾಗೇ ನಿಂತಿದ್ದಾರೋ ಏನೋ...