ನಳಿನಿ, ದೋಣಿಯಲ್ಲಿ ಮಾತಿಗೆ ತಪ್ಪಿದೆ

ಗೆಳತಿ ನಳಿನಿ,

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯುವುದಾದರೆ ಬೈಯಿ. ನಿನಗೆ ಕೊಟ್ಟ ಮಾತಿಗೆ ತಪ್ಪಿದ್ದೇನೆ. ನಿನ್ನ ಮಗಳ ಜೊತೆ ಲಕ್ಷದ್ವೀಪಕ್ಕೆ ಹೋಗಿ ಬಂದು ನಾಲ್ಕು ದಿನವಾಯಿತು. ಬಟ್ಟೆ ಒಗೆದದ್ದಾಯಿತು, ಬಿಸಿಲಿಗೆ ಸುಟ್ಟ ಮೂಗಿನ ಚರ್ಮ ಸುಲಿದದ್ದೂ ಆಯಿತು, ಎದೆಬಡಿತ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ?

ಅನಘಾ ಹತ್ತನೇ ಕ್ಲಾಸಿನಲ್ಲಿದ್ದಾಗ ನಿಮ್ಮ ಜಯನಗರದ ಮನೆಯ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದದ್ದು ನೆನಪಿದೆಯಾ? ನಾನು ಪಕ್ಕದಲ್ಲೇ ಚಪಾತಿ ಲಟ್ಟಿಸುತ್ತಿದ್ದೆ. ಅವಳು ಕಣ್ಣು ಬಿಟ್ಟೊಡನೆ ನೀನು ಓಡಿಹೋಗಿ ಮಾಡಿದ ಮೊದಲ ಕೆಲಸ ಬೀದಿಬಾಗಿಲು ಹಾಕಿದ್ದು. ಮನೆಯ ಸುತ್ತ ಅಷ್ಟು ಆಸ್ಪತ್ರೆಗಳಿದ್ದರೂ ಗುರುತಿನವರು ಕಂಡಾರೆಂದು ಯಲಹಂಕದ ಡಾಕ್ಟರನ್ನು ಹುಡುಕಿದೆ. ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದಿಟ್ಟೆ. "ಹೆಣ್ಮಗು ಕಣೇ ವತ್ಸಲಾ, ನಾಳೆ ಜಾತಕ ಕೊಡೋವಾಗ ಯಾರಾದ್ರೂ ಇದನ್ನ ಎತ್ತಿದ್ರೆ?" ಎನ್ನುತ್ತಿದ್ದೆ. ನಾನು ಹೂಂಗುಟ್ಟುತ್ತಿದ್ದೆ. ನಾನೇನು ನಿನಗಿಂತ ಬೇರೆಯವಳಾ?

ನಿನ್ನ ಕೊನೆಯ ವಾರದಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು, "ಅವಳ ಮದುವೆ ಆಗೋವರ್ಗೂ ಬಾಯಿ ಬಿಡಬೇಡ ಕಣೇ" ಎಂದೆಯಲ್ಲ, ಆಗ 'ಆಗಲಿ' ಎನ್ನದೆ ಇನ್ನೇನು ಅನ್ನಬಹುದಿತ್ತು? ನಿನ್ನ ವರ್ಷಾಬ್ದಿಕ ಮುಗಿದ ಮಾರನೇ ವಾರ ಅನಘಾ ಬಂದು, "ಆಂಟಿ, ಹಾಯಿದೋಣಿ, ಹವಳ, ಮೀನು ಅಂತ ಅಮ್ಮ ಆಸೆ ಪಡ್ತಿದ್ಲಲ್ಲ, ನಾವಿಬ್ರೂ ಹೋಗೋಣ" ಎಂದಳು. ನಿಮ್ಮ ಯಜಮಾನರು, "ನಾಲ್ಕು ವರ್ಷದಿಂದ ಅವಳಿಗೆ ಏನೂ ಆಗಿಲ್ಲ. ಜೊತೆಗೆ ನೀವಿದ್ದೀರಲ್ಲ, ನನಗೇನೂ ಯೋಚ್ನೆ ಇಲ್ಲ" ಎಂದರು. ಅವರ ಪಾಲಿನ ಯೋಚನೆಯನ್ನೂ ಸೇರಿಸಿ ನಾನೇ ಹೊತ್ತುಕೊಂಡು ಹೊರಟೆ.

ದ್ವೀಪದ ಜೆಟ್ಟಿಯಲ್ಲಿ ದೋಣಿ ಹತ್ತುವ ಮೊದಲು ಎಲ್ಲರ ಕೈಗೂ ಒಂದು ಫಾರಂ ಕೊಟ್ಟರು. ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಹಾಕಿಕೊಂಡು ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗಿನ ಹವಳ ನೋಡುವುದು, ಅದಕ್ಕೆ ಸ್ನಾರ್ಕೆಲಿಂಗ್ ಅನ್ನುತ್ತಾರೆ. ಅದರ ಫಾರಂನಲ್ಲಿ ಮೂರು ಪ್ರಶ್ನೆ: ಹೃದಯದ ತೊಂದರೆ ಇದೆಯೇ, ಉಬ್ಬಸ ಇದೆಯೇ, ಫಿಟ್ಸ್ ಇದೆಯೇ? ನಾನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ನಿನ್ನ ಮಗಳು ಪೆನ್ನು ನಿಲ್ಲಿಸದೆ ಮೂರಕ್ಕೂ 'ಇಲ್ಲ' ಎಂದು ಗುರುತು ಹಾಕಿದಳು. ಅವಳು ಸುಳ್ಳು ಹೇಳುತ್ತಿರುವಂತೆಯೇ ಕಾಣಲಿಲ್ಲ. ಕಾಲೇಜು, ಕೆಲಸ, ಜಿಮ್ಮು, ಎಲ್ಲ ಕಡೆಯೂ ನಾವೇ ಬರೆಸಿದ್ದ ಉತ್ತರ ತಾನೆ ಅದು?

ಆಗಲೇ ದೋಣಿಯವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬೇಕಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು. ಹಾಯಿ ಬಿಚ್ಚಿದರು, ಗಾಳಿ ತುಂಬಿತು, ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡು ಓಡಿತು. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರೆ ನಾನು ಕಂಬಿ ಹಿಡಿದು ನಿನ್ನ ಜೊತೆ ಜಗಳವಾಡುತ್ತಿದ್ದೆ. ಹೇಳಲಾ ಬೇಡವಾ? ನಾಲ್ಕು ವರ್ಷ ಬಾರದ್ದು ಇವತ್ತೇ ಬರುತ್ತದೆಯೇ? ಬಂದರೆ, ಮುಖ ನೀರಿನೊಳಗಿರುವಾಗ... ಅಷ್ಟರಲ್ಲಿ ಹವಳದ ದಿಬ್ಬ ಬಂತು. ಅನಘಾ ಕಾಲಿಗೆ ರಬ್ಬರ್ ರೆಕ್ಕೆ ಕಟ್ಟಿಕೊಂಡು ಏಣಿಯ ಮೇಲೆ ನಿಂತಿದ್ದಳು. ನಾನು ಕಿರುಚಿಬಿಟ್ಟೆ. "ಅವಳನ್ನ ಇಳಿಸಬೇಡ್ರಪ್ಪಾ! ಅವಳಿಗೆ ಫಿಟ್ಸ್ ಇದೆ!"

ಹತ್ತು ಜನ ತಿರುಗಿ ನೋಡಿದರು. ದೋಣಿಯ ಯಜಮಾನ ರಫೀಕ್ ಒಂದು ಕಾಲದಲ್ಲಿ ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದವನು, ಕನ್ನಡ ಬರುತ್ತದೆ. ಅವಳ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡು, "ಇವತ್ತು ಬೇಡ ಮೇಡಂ" ಎಂದಷ್ಟೇ ಹೇಳಿದ. ಅವಳು ನನ್ನ ಕಡೆ ನೋಡಲಿಲ್ಲ. ದಡ ಸೇರುವವರೆಗೂ ಒಂದು ಮಾತಿಲ್ಲ, ಊಟದಲ್ಲೂ ಇಲ್ಲ. ನೀನಿದ್ದಿದ್ದರೆ ನಮ್ಮಿಬ್ಬರ ನಡುವೆ ಕೂತು ಅನ್ನ ಕಲಸಿ ರಾಜಿ ಮಾಡಿಸುತ್ತಿದ್ದೆ. ಅಥವಾ ನೀನೂ ಮಾತು ಬಿಡುತ್ತಿದ್ದೆಯೋ ಏನೋ.

ಮರುದಿನ ಬೆಳಿಗ್ಗೆ ಜೆಟ್ಟಿಯಲ್ಲಿ ಅವಳು ಮಾಡಿದ್ದು ಕೇಳು. ಎಲ್ಲರೂ ನಿಂತಿರುವಾಗಲೇ ಯಲಹಂಕದ ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು, ರಫೀಕನ ಕೈಗೆ ಕೊಟ್ಟಳು. ಎಷ್ಟು ವರ್ಷದಿಂದ, ಯಾವ ಮಾತ್ರೆ, ಕೊನೆಯ ಸಲ ಯಾವಾಗ, ಎಲ್ಲವನ್ನೂ ತಾನೇ ಹೇಳಿದಳು. ಆಳದ ಕಡಲಿಗೆ ಖಂಡಿತ ಕೂಡದು ಎಂದರು ಡಾಕ್ಟರು. ದಡದ ಹತ್ತಿರ ಎದೆಮಟ್ಟದ ನೀರಿನಲ್ಲಿ, ಜಾಕೆಟ್ ಹಾಕಿ, ಯಾರಾದರೂ ಹಿಡಿದುಕೊಂಡೇ ಇದ್ದರೆ ಹತ್ತು ನಿಮಿಷ ಪರವಾಗಿಲ್ಲ ಎಂದರು. ರಫೀಕ್ ಒಪ್ಪಿ ಒಂದು ಕಡೆ ಹಿಡಿದ. ಇನ್ನೊಂದು ಕಡೆ ನಾನು. ಬಕೆಟ್ ನೀರಿಗಿಂತ ಹೆಚ್ಚು ನೀರು ಕಂಡರೆ ನಡುಗುವ ನಾನು, ನಗಬೇಡ.

ಕೆಳಗೆ ಹೂಕೋಸಿನಂಥ ಹವಳ, ಅರಿಶಿನ ಬಣ್ಣದ ಮೀನುಗಳು ಇದ್ದವಂತೆ. ನನಗೇನೂ ಕಾಣಲಿಲ್ಲ. ಹತ್ತು ನಿಮಿಷವೂ ನಾನು ನೋಡಿದ್ದು ನಿನ್ನ ಮಗಳ ಬೆನ್ನು, ಕೇಳಿದ್ದು ಕೊಳವೆಯಲ್ಲಿ ಅವಳ ಉಸಿರು. ಮೇಲೆದ್ದು ಕನ್ನಡಕ ಕಿತ್ತವಳೇ, "ಆಂಟಿ, ಅಷ್ಟು ಜನರ ಮುಂದೆ ನಾನೇ ಹೇಳ್ಬಿಟ್ಟೆ, ಒಬ್ರೂ ದೂರ ಹೋಗ್ಲಿಲ್ಲ ನೋಡಿ" ಎಂದಳು. ನನಗೆ ಅಳು ಬಂತು. ಉಪ್ಪುನೀರು ಕಣ್ಣಿಗೆ ಹೋಯಿತು ಎಂದೆ.

ಇನ್ನೊಂದಿದೆ. ಜೆಪಿ ನಗರದವರೊಬ್ಬರ ಜೊತೆ ಜಾತಕ ಕೂಡಿಬಂದು, ಈ ಭಾನುವಾರ ಅವರು ನೋಡಲು ಬರಬೇಕಿತ್ತು. ನಿನ್ನೆ ಅನಘಾ ಆ ಹುಡುಗನಿಗೆ ತಾನೇ ಫೋನ್ ಮಾಡಿ ಎಲ್ಲ ಹೇಳಿದ್ದಾಳೆ. ಮನೆಯಲ್ಲಿ ಕೇಳಿ ತಿಳಿಸುತ್ತೇನೆ ಎಂದನಂತೆ, ಇನ್ನೂ ತಿಳಿಸಿಲ್ಲ. ಬೆಳಗಿನಿಂದ ನನಗೆ ಕಾಫಿ ಕೂಡ ಸೇರುತ್ತಿಲ್ಲ. ಅವಳು ಮಾತ್ರ ನಮ್ಮ ಮನೆಯಲ್ಲೇ ಎರಡು ದೋಸೆ ತಿಂದು, "ಗೊತ್ತಿದ್ದು ಬರೋದಾದ್ರೆ ಬರ್ಲಿ ಆಂಟಿ. ಗೊತ್ತಿಲ್ದೆ ಬಂದೋರ ಜೊತೆ ನಾನ್ ಹೇಗಿರ್ಲಿ?" ಎಂದು ಹೇಳಿ ಆಫೀಸಿಗೆ ಹೋದಳು. ಅವರು ಬರಲಿ ಬಿಡಲಿ, ಯಾರಾದರೂ ನನ್ನನ್ನು ಕೇಳಿದರೆ ಇನ್ನು ಸುಳ್ಳು ಹೇಳುವುದಿಲ್ಲ ನಳಿನಿ. ಈ ಮಾತನ್ನು ಮಾತ್ರ ಉಳಿಸಿಕೊಳ್ಳುತ್ತೇನೆ.

ವಾಪಸು ಬರುವಾಗ ವಿಮಾನದಲ್ಲಿ ಅವಳು ಹೇಳಿದ್ದನ್ನು ನಿನಗೆ ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ನೀನು ಬಾಗಿಲು ಹಾಕಿದ ದಿನದಿಂದ ಅವಳು ಒಂದೇ ತಿಳಿದುಕೊಂಡಿದ್ದಳಂತೆ, ಅಮ್ಮನಿಗೆ ನನ್ನಿಂದ ನಾಚಿಕೆ ಅಂತ. ಇಷ್ಟು ವರ್ಷ, ನಳಿನಿ. ನಾನು ಅವಳ ಕೈ ಹಿಡಿದು, "ಇಲ್ಲ ಮರಿ, ನಿಮ್ಮಮ್ಮಂಗೆ ಇದ್ದಿದ್ದು ಭಯ ಕಣಮ್ಮಾ, ಬರೀ ಭಯ" ಎಂದೆ. ನಿನ್ನನ್ನು ಕೇಳದೆಯೇ ನಿನ್ನ ಪರವಾಗಿ ಹೇಳಿಬಿಟ್ಟೆ.

ಸರಿಯಾಗಿಯೇ ಹೇಳಿದೆ, ಅಲ್ಲವೇನೇ?

ನಿನ್ನ
ವತ್ಸಲಾ